ನೀರು ಕಂಡ ಕುಂಚಿಗೆ

ಮಗಳಿಗೆ ಹೆಣ್ಣು ಕೂಸು ಹುಟ್ಟಿದ ಮೇಲೆ ನನ್ನ ಬಾಯಿಗೆ ತಡೆಯೇ ಇರಲಿಲ್ಲ. ಬೇಡಕಿಹಾಳದಿಂದ ನಿಪ್ಪಾಣಿಗೆ ಹೋಗುವ ಬಸ್ಸಿನ ಕಂಡಕ್ಟರನಿಗೆ ಹೇಳಿದೆ. ಪಕ್ಕದಲ್ಲಿ ಕುಳಿತ ಗುರುತಿಲ್ಲದ ಹೆಣ್ಣುಮಗಳಿಗೆ ಹೇಳಿದೆ. ಅವಳು ಇಳಿದು ಹೋದ ಮೇಲೆ ಅದೇ ಜಾಗಕ್ಕೆ ಬಂದು ಕುಳಿತವಳಿಗೂ ಹೇಳಿದೆ. ಮೂಗು ನಮ್ಮವ್ವನದು, ಕಿವಿ ನನ್ನವು, ಸಿಟ್ಟು ಮಾತ್ರ ಅವರಜ್ಜನದು ಅಂತ. ಕೈಯಲ್ಲಿ ಪೇಢೆಯ ಡಬ್ಬಿ ಇತ್ತು. ಯಾರು ನನ್ನ ಮಾತು ಕೇಳಿ ನಕ್ಕರೋ ಅವರಿಗೊಂದು ಪೇಢೆ.

ಕುಪ್ಪಸದ ಖಣ ತರಲು ಹೊರಟಿದ್ದೆ. ನಮ್ಮ ಕಡೆ ನಾಲ್ಕು ತಿಂಗಳು ತುಂಬಿದ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಅಜ್ಜಿಯಾದವಳು ಕುಂಚಿಗೆ ಹೊಲಿದು ಹಾಕಬೇಕು. ತಲೆಗೆ ಟೊಪ್ಪಿಗೆಯಂತೆ ಕೂತು ಬೆನ್ನಿನ ಮೇಲೆ ಇಳಿಬೀಳುತ್ತದೆ, ಗದ್ದದ ಕೆಳಗೆ ಕಟ್ಟಲು ಎರಡು ಕಸಿ ಇರುತ್ತವೆ. ಅಲ್ಲಿಯವರೆಗೆ ಕೂಸಿಗೆ ಮನೆಯ ಹಳೆಯ ಮೆತ್ತನೆಯ ಅರಿವೆಯೇ ಗತಿ. ಅದು ಕಾಣುವ ಮೊದಲ ಹೊಸ ಬಟ್ಟೆ ಇದು. ಕೋರಾ ಖಣದಲ್ಲಿಯೇ ಹೊಲಿಯಬೇಕು, ಹೆಸರಿಡುವ ತನಕ ಅದಕ್ಕೆ ನೀರು ಸೋಕಬಾರದು. ಯಾಕೆ ಅಂತ ನಾನು ನಮ್ಮವ್ವನನ್ನು ಕೇಳಲಿಲ್ಲ, ಅವಳೂ ತನ್ನ ಅವ್ವನನ್ನು ಕೇಳಿರಲಿಕ್ಕಿಲ್ಲ.

ಬೇರೆ ದಿನವಾಗಿದ್ದರೆ ನಾನು ಅಂಗಡಿಯಲ್ಲಿ ಬಟ್ಟೆಯ ಮೂಲೆಯನ್ನು ಒದ್ದೆ ಮಾಡಿ, ಸೆರಗಿಗೆ ತಿಕ್ಕಿ ನೋಡದೆ ಕೊಳ್ಳುವವಳಲ್ಲ. ಶುಭಕ್ಕೆ ಕೊಳ್ಳುವ ಖಣಕ್ಕೆ ಹಾಗೆ ಮಾಡುವಂತಿಲ್ಲವಲ್ಲ, ಅಂಗಡಿಯವನ ಮಾತನ್ನೇ ನಂಬಬೇಕು. ಅವನು ಗಾದಿಯ ಮೇಲೆ ಕೂರಿಸಿ ಚಹಾ ತರಿಸಿದ. ಕೂಸಿನ ಸುದ್ದಿ ಕೇಳಿ ಪೇಢೆ ತಿಂದ, ಇನ್ನೊಂದು ಕೇಳಿ ಇಸಿದುಕೊಂಡ. ಕೆಂಪಂದರೆ ದಾಳಿಂಬೆ ಕೆಂಪಿನ ಖಣ ಬಿಚ್ಚಿ ಹಾಸಿ, ಅದರ ಅಂಚಿಗೆ ಅಂಟಿಸಿದ್ದ ಇಂಗ್ಲಿಷ್ ಚೀಟಿ ತೋರಿಸಿದ.

"ಬಣ್ಣ ಪಕ್ಕಾ ಅಂತ ಇಲ್ಲೇ ಬರದೈತಿ ನೋಡ್ರಿ, ಮಾವಶಿ. ಕುದಿಯೋ ನೀರಾಗ ಹಾಕ್ರಿ. ಬಿಟ್ರ ತಂದು ನನ್ನ ಮಾರಿ ಮ್ಯಾಲ ಒಗೀರಿ."

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಚೀಟಿ ನೋಡಿ ಹೌದೌದು ಅಂದೆ.

ಹೆಸರಿಡುವ ಹಿಂದಿನ ದಿನ ಹೊಲಿದು ಮುಗಿಸಿದೆ. ಹೊಲಿಗೆಯ ಮಡಿಕೆಯನ್ನು ಹಲ್ಲಿನಿಂದ ಕಚ್ಚಿ ಕೂರಿಸುವುದು ನನ್ನ ರೂಢಿ. ಕಸಿಗಳನ್ನೂ ಹಾಗೇ ಕಚ್ಚಿ ಕೂರಿಸಿ ಎದ್ದು ಹೊರಗೆ ಬಂದರೆ, ಕಟ್ಟೆಯ ಮೇಲೆ ಕುಳಿತಿದ್ದ ನಮ್ಮ ಯಜಮಾನರು ನನ್ನ ಮುಖವನ್ನೇ ನೋಡಿದರು.

"ಎಲಿ ಅಡಕಿ ಯಾರ ಕೊಟ್ರ? ಒಬ್ಬಾಕಿನ ತಿಂದ್ಯಲ್ಲ, ನನಗೊಂದೀಟ ತರಬಾರದಾ?"

ಕನ್ನಡಿ ನೋಡಿಕೊಂಡೆ. ತುಟಿ, ಹಲ್ಲು, ನಾಲಿಗೆ ಎಲ್ಲ ಕೆಂಪು. ಎಲೆ ಅಡಿಕೆಯಲ್ಲ, ಖಣದ ಬಣ್ಣ. ನಮ್ಮ ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಒಯ್ಯುತ್ತದೆ, ಸೆರಗಿನ ತುದಿ ಸಿಕ್ಕರೂ ಚೀಪುತ್ತದೆ. ಗದ್ದದ ಕೆಳಗೇ ತೂಗುವ ಕಸಿಯನ್ನು ಬಿಟ್ಟೀತೇ? ಮಗಳು ಆ ಚೀಟಿಯನ್ನು ತೆಗೆದು ಓದಿದಳು. ಅದರಲ್ಲಿ ಗಿರಣಿಯ ಹೆಸರಿತ್ತು, ಬಟ್ಟೆಯ ಅಗಲವಿತ್ತು. ಬಣ್ಣದ ಮಾತೇ ಇರಲಿಲ್ಲ.

ಸಿಕ್ಕ ಬಸ್ಸು ಹತ್ತಿ ನಿಪ್ಪಾಣಿಗೆ ಹೋದೆ. ಈ ಸಲ ಬಸ್ಸಿನಲ್ಲಿ ಯಾರೊಡನೆಯೂ ಮಾತಾಡಲಿಲ್ಲ. ಅಂಗಡಿಯವನು ಕುಂಚಿಗೆಯನ್ನು ಮುಟ್ಟಿಯೂ ನೋಡಲಿಲ್ಲ. ಹೊಲಿದ ಬಟ್ಟೆ ಹಿಂದಕ್ಕೆ ಬರುವುದಿಲ್ಲ ಅಂದ. ಪಕ್ಕಾ ಬಣ್ಣ ಅಂತ ತಾನು ಹೇಳೇ ಇಲ್ಲ ಅಂದ. ಅದನ್ನೆಲ್ಲ ನುಂಗಿಕೊಂಡೆ. ಕೊನೆಗೆ ಒಂದು ಮಾತು ಅಂದನಲ್ಲ, ಅದೇ ನಟ್ಟಿತು.

"ಕೂಸಿಗೆ ಅಂತ ಮೊದಲ ಹೇಳಿದ್ರ ಬ್ಯಾರೇದ ಕೊಡತಿದ್ನೆಲ್ರಿ."

ಕೂಸಿಗೆ ಅಂತ ಆ ಅಂಗಡಿಯ ಗೋಡೆಗೂ ಹೇಳಿದ್ದೆ ನಾನು. ನನ್ನ ಮೊಮ್ಮಗಳ ಪೇಢೆ ತಿಂದ ಬಾಯಿ ಅದು. ಕುಂಚಿಗೆಯನ್ನು ಚೀಲಕ್ಕೆ ಹಾಕಿಕೊಂಡು ಇಳಿದು ಬಂದೆ.

ಮನೆಗೆ ಬರುವಷ್ಟರಲ್ಲಿ ಹೊತ್ತು ಇಳಿಯಲು ಬಂದಿತ್ತು. ಇನ್ನೊಂದು ಖಣ ತಂದು ಹೊಲಿಯಲು ವೇಳೆ ಇಲ್ಲ, ತಂದರೂ ಅದನ್ನು ನಂಬುವುದು ಹೇಗೆ? ಒಂದು ಗಳಿಗೆ ಹಾಕಿ, ಫೋಟೋ ತೆಗೆಸಿ, ಬಿಚ್ಚಿಬಿಡು, ಬೀಗರಿಗೇನು ಗೊತ್ತಾಗುತ್ತದೆ ಅಂದರು ಯಜಮಾನರು. ಮನಸ್ಸು ಸ್ವಲ್ಪ ಆ ಕಡೆ ವಾಲಿತು, ಸುಳ್ಳು ಯಾಕೆ ಹೇಳಲಿ. ನಮ್ಮ ಬೀಗತಿ ಕಾಗವಾಡದವರು, ಪದ್ಧತಿ ಅಂದರೆ ಕೂದಲೆಳೆಯಷ್ಟೂ ಬಿಡುವವರಲ್ಲ. ಆದರೆ ಹಾಗೆ ಮಾಡಿದರೆ ನನಗೂ ಆ ಗಾದಿಯ ಮೇಲೆ ಕುಳಿತವನಿಗೂ ಏನು ಫರಕು? ಬಚ್ಚಲಿಗೆ ಹೋದೆ. ನಮ್ಮವ್ವನನ್ನು ನೆನೆದು, ತಪ್ಪಾದರೆ ನನಗಿರಲಿ, ಕೂಸಿಗೆ ಬೇಡ ಅಂದು ಕುಂಚಿಗೆಯನ್ನು ಉಪ್ಪುನೀರಿನಲ್ಲಿ ಅದ್ದಿದೆ.

ನೀರು ಬೀಟ್‌ರೂಟ್ ಕುದಿಸಿದ ಹಾಗಾಯಿತು. ಚೆಲ್ಲಿದೆ, ಮತ್ತೆ ಅದ್ದಿದೆ, ಮತ್ತೆ ಚೆಲ್ಲಿದೆ. ಬಣ್ಣ ನಿಂತಿತೋ ಇಲ್ಲವೋ ಅಂತ ಯಜಮಾನರ ಬಿಳಿ ಧೋತರದಲ್ಲಿ ಸುತ್ತಿ ಒತ್ತಿದೆ. ಧೋತರ ಗುಲಾಬಿಯಾಯಿತು.

"ನಾಳೆ ನಾ ಇದನ್ನ ಉಟ್ಕೊಂಡ ಕುಂದರ್ಲೇನು?" ಅಂದರು ಬಾಗಿಲಲ್ಲಿ ನಿಂತು. ಆಮೇಲೆ ತಾವೇ ಬಾವಿಯಿಂದ ನೀರು ಸೇದಿ ಸೇದಿ ತಂದು ಸುರಿದರು. ಧೋತರದ ಇನ್ನೊಂದು ತುದಿಗೆ ಒತ್ತಿದಾಗ ಬರೀ ನೀರು ಬರುವ ತನಕ ನಾವಿಬ್ಬರೂ ಬಿಡಲಿಲ್ಲ.

ಬೆಳಗ್ಗೆ ನೋಡಿದರೆ ದಾಳಿಂಬೆ ಹೋಗಿ, ಹಣ್ಣಾದ ಪೇರಲದ ಒಳಗಿನ ಗುಲಾಬಿ ಬಣ್ಣ. ಒಂದು ಕಡೆ ಗಾಢ, ಒಂದು ಕಡೆ ತಿಳಿ. ಜರಿ ಮಂಕಾಗಿತ್ತು. ಇಸ್ತ್ರಿ ಹಾಕಿದರೂ ಹೊಸದು ಅನ್ನುವ ಹಾಗಿರಲಿಲ್ಲ.

ಬೀಗರ ಟೆಂಪೊ ಬಂತು. ದ್ರಾಕ್ಷಿಯ ಪೆಟ್ಟಿಗೆಗಳು ಇಳಿದವು, ಹೆಂಗಸರು ಇಳಿದರು. ತೊಟ್ಟಿಲು ಪೂಜೆ ಆಯಿತು. ನಾನು ತಟ್ಟೆಯಲ್ಲಿ ಕುಂಚಿಗೆ ಇಟ್ಟು ತಂದೆ. ಬೀಗತಿ ಅದನ್ನು ಎತ್ತಿ ಬೆಳಕಿಗೆ ಹಿಡಿದರು.

"ಇದಕ್ಕ ನೀರ ಹಾಕೀರೇನ್ರಿ?"

"ಹೌದ್ರಿ," ಅಂದೆ. "ಬಣ್ಣ ಬಿಡತಿತ್ತು. ಕೂಸು ಕಸಿ ಚೀಪತೈತಿ. ಹಾಕಬಾರದಂತ ಗೊತ್ತಿದ್ದ ಹಾಕೇನ್ರಿ."

ಅಂಗಡಿಯ ಕತೆಯನ್ನೆಲ್ಲ ಹೇಳಿದೆ, ಪೇಢೆಯದನ್ನೂ ಬಿಡಲಿಲ್ಲ. ಅವರು ಕುಂಚಿಗೆಯನ್ನು ತಿರುವಿ ಒಳಗಿನ ಹೊಲಿಗೆ ನೋಡಿದರು, ಕಸಿಗಳನ್ನು ಬೆರಳಿಂದ ಸವರಿದರು. ಮಗಳು ಕೂಸನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ನಮ್ಮ ಅತ್ತಿ ಇದ್ದಿದ್ರ ಇದನ್ನ ಹೊರಗ ಒಗೀತಿದ್ರು," ಅಂದರು ಬೀಗತಿ. ಕುಂಚಿಗೆಯ ಕಸಿ ಬಿಡಿಸುತ್ತ, "ಅವ್ರಂತೂ ಇಲ್ಲ. ಬರ್ರಿ, ಕೂಸಿನ ತಲಿ ಹಿಡೀರಿ," ಅಂದರು.

ನಾನು ತಲೆ ಹಿಡಿದೆ, ಅವರು ಕಸಿ ಕಟ್ಟಿದರು. ಒಂದು ವರ್ಷ ಬರಲಿ ಅಂತ ದೊಡ್ಡದಾಗಿ ಕತ್ತರಿಸಿದ್ದೆ. ನೀರು ಕುಡಿದು ಗಿಡ್ಡಾಗಿ, ಆ ದಿನದ ತಲೆಗೆ ಅಳತೆ ತೆಗೆದ ಹಾಗೆ ಕೂತಿತು. ಕೂಸನ್ನು ತೊಟ್ಟಿಲಿಗೆ ಹಾಕಿದ ಮೇಲೆ ಅದರ ಸೋದರತ್ತೆ ಬಗ್ಗಿ ಕಿವಿಯಲ್ಲಿ ಹೆಸರು ಉಸುರಿದಳು, ಹೆಂಗಸರೆಲ್ಲ ಪದ್ಧತಿಯಂತೆ ನಗುತ್ತ ಅವಳ ಬೆನ್ನಿಗೆ ಗುದ್ದಿದರು. ನನಗೆ ಕಣ್ಣು ತುಂಬಿ ಏನೂ ಸರಿಯಾಗಿ ಕಾಣಲಿಲ್ಲ. ಒರೆಸಿಕೊಂಡು ತೊಟ್ಟಿಲೊಳಗೆ ಬಗ್ಗಿ ನೋಡಿದೆ. ಇಷ್ಟು ಗದ್ದಲದ ನಡುವೆ ನನ್ನ ಬಂಗಾರ ಆಗಲೇ ಒಂದು ಕಸಿಯನ್ನು ಹುಡುಕಿ ಹಿಡಿದು ಬಾಯಿಗೆ ಹಾಕಿಕೊಂಡಿತ್ತು, ಕಣ್ಣು ಅರ್ಧ ಮುಚ್ಚಿ ಚಪ್ಪರಿಸುತ್ತಿತ್ತು. ಮಗಳು ತೆಗೆಯಲು ಕೈ ಹಾಕಿದಳು.

"ಇರ್ಲಿ ಬಿಡು," ಅಂದೆ.