ಕನ್ನಡಿಯ ಮೇಲೆ ಕೂತ ಹಕಾರ

ಹೋದ ವಾರ ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡ್ ಪಕ್ಕದ ಫ್ಯಾನ್ಸಿ ಸ್ಟೋರಿನಲ್ಲಿ ಒಂದು ಕನ್ನಡಿ ಕೊಂಡೆ. ಅಂಗೈಯಗಲದ ದುಂಡು ಕನ್ನಡಿ, ಸುತ್ತ ಕೆಂಪು ಪ್ಲಾಸ್ಟಿಕ್ ಕಟ್ಟು. ನಾನು ಇಲ್ಲಿ ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಉಚ್ಚಾರಣೆಯ ಪಾಠಕ್ಕೆ ಅದು ಬೇಕಿತ್ತು. ಅಂಗಡಿಯಲ್ಲೇ ಬಾಯಿಯ ಹತ್ತಿರ ಹಿಡಿದು ‘ಹಾ’ ಅಂದೆ. ಗಾಜು ಮಬ್ಬಾಯಿತು. ಅಂಗಡಿಯವಳು ನನ್ನನ್ನು ಒಂಥರಾ ನೋಡಿದಳು. ನಾನೂ ಒಬ್ಬರನ್ನು ಹಾಗೇ ನೋಡಿದ್ದೆ, ಒಂಬತ್ತನೇ ಕ್ಲಾಸಿನಲ್ಲಿ...

ನಮ್ಮೂರು ಹುಣಸೂರು ತಾಲ್ಲೂಕಿನದು, ಕಟ್ಟೆಮಳಲವಾಡಿ ದಾಟಿ ಇನ್ನೂ ಒಳಗೆ. ಅಲ್ಲಿಯ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಅತಿಥಿ ಶಿಕ್ಷಕರಾಗಿ ಒಬ್ಬರು ಬಂದರು. ಹ್ಯಾಂಡ್‌ಪೋಸ್ಟ್ ಅನ್ನುವ ಊರಿನಿಂದ ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಬಗಲಲ್ಲಿ ರೆಕ್ಸಿನ್ ಚೀಲ. ನೋಡಿದ ದಿನವೇ ನನಗೆ ಅನುಮಾನ. ಇಷ್ಟು ಓದಿದವರು ಈ ಕೊಂಪೆಗೆ ಯಾಕೆ ಬರುತ್ತಾರೆ?

ನನ್ನದು ಹುಟ್ಟಾ ಅನುಮಾನದ ಬುದ್ಧಿ. ಹಾಲಿನವನ ಕ್ಯಾನಿನಲ್ಲಿ ನೀರು ಹುಡುಕುವವಳು ನಾನು. ಅದರ ಮೇಲೆ ಐದನೆಯವರೆಗೆ ಹುಣಸೂರಿನ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ಜಂಭ ಬೇರೆ. ಮೇಷ್ಟ್ರು ಬಾಯಿ ತೆರೆದ ಮೊದಲ ದಿನವೇ ಸಿಕ್ಕಿಬಿದ್ದರು. ಮನೆಗೆ ‘ಔಸ್’ ಅಂದರು. ಕುದುರೆಗೆ ‘ಆರ್ಸ್’ ಅಂದರು. ಮೊಟ್ಟೆಗೆ ಮಾತ್ರ ಎಲ್ಲಿಂದಲೋ ಒಂದು ಹಕಾರ ತಂದು ಅಂಟಿಸಿ ‘ಹೆಗ್’ ಅಂದರು. ಸರ್ಟಿಫಿಕೇಟು ಖಂಡಿತ ಸುಳ್ಳು ಅಂತ ತೀರ್ಮಾನ ಮಾಡಿ, ಲೆಕ್ಕದ ನೋಟ್‌ಬುಕ್ಕಿನ ಹಿಂದಿನಿಂದ ಅವರ ತಪ್ಪುಗಳ ಪಟ್ಟಿ ಶುರು ಮಾಡಿದೆ.

ಅವರಿಗೇನು ಗೊತ್ತು ಪಾಪ. ದಿನಾ ಬೋರ್ಡಿನ ಮೂಲೆಯಲ್ಲಿ ನನಗೆಂದೇ ಒಂದು ಇಂಗ್ಲಿಷ್ ಪದ ಬರೆದು, “ಇದರ ಕುಲಗೋತ್ರ ಉಡಿಕ್ಕೊಂಡು ಬಾರವ್ವ” ಅನ್ನುತ್ತಿದ್ದರು. ಯಾವ ಭಾಷೆಯಿಂದ ಬಂತು, ಮೊದಲು ಏನರ್ಥ ಇತ್ತು ಅಂತ ನಾನು ಹುಡುಕಬೇಕು. ಅದಕ್ಕೆ ತಮ್ಮ ದಪ್ಪ ಡಿಕ್ಷನರಿಯನ್ನೇ ಮನೆಗೆ ಕೊಟ್ಟಿದ್ದರು. ಪದಕ್ಕೂ ಒಂದು ಹುಟ್ಟೂರು ಇರುತ್ತದೆ ಅಂತ ನನಗೆ ಗೊತ್ತಾಗಿದ್ದೇ ಅಲ್ಲಿ. ಆದರೆ ಆಗ ಬಂದ ಯೋಚನೆಯೇ ಬೇರೆ. ಅವರಿಗೇ ಅರ್ಥ ಗೊತ್ತಿಲ್ಲ, ಅದಕ್ಕೇ ನನ್ನ ಕೈಲಿ ಹುಡುಕಿಸುತ್ತಾರೆ! ಅದನ್ನೂ ಪಟ್ಟಿಗೆ ಸೇರಿಸಿದೆ.

ಒಂದು ಚಳಿಗಾಲದ ಬೆಳಿಗ್ಗೆ, ಬೆಲ್ಲಿಗೆ ಮುಂಚೆ, ಮೇಷ್ಟ್ರು ಶಾಲೆಯ ಹಿಂದೆ ನೀರಿನ ಟ್ಯಾಂಕಿನ ಹತ್ತಿರ ಒಬ್ಬರೇ ನಿಂತಿದ್ದರು. ಕೈಯಲ್ಲಿ ಗಡ್ಡ ಕೆರೆಯುವ ದುಂಡು ಕನ್ನಡಿ. ಬಾಯಿಗೆ ತೀರಾ ಹತ್ತಿರ ಹಿಡಿದು ಏನೋ ಊದುತ್ತಿದ್ದರು, ಒರೆಸುತ್ತಿದ್ದರು, ಮತ್ತೆ ಊದುತ್ತಿದ್ದರು. ನನ್ನನ್ನು ಕಂಡ ತಕ್ಷಣ ಚೀಲಕ್ಕೆ ಹಾಕಿಕೊಂಡರು. ಕುಡಿದು ಬಂದಿದ್ದಾರೆ, ವಾಸನೆ ಪರೀಕ್ಷೆ ಮಾಡಿಕೊಳ್ಳುತ್ತಿದ್ದಾರೆ ಅಂತ ಬರೆದೆ. ಅವರು ಟೀ ಕೂಡ ಕುಡಿಯುತ್ತಿರಲಿಲ್ಲ.

ಆ ನೋಟ್‌ಬುಕ್ಕು ಚಿಕ್ಕಪ್ಪನ ಕೈಗೆ ಸಿಕ್ಕಿತು. ಸಿಕ್ಕಿತು ಅನ್ನುವುದೂ ಸುಳ್ಳು. ಕಾಣುವ ಹಾಗೆ ನಾನೇ ಇಟ್ಟಿದ್ದೆ. ಚಿಕ್ಕಪ್ಪ ಶಾಲಾ ಸಮಿತಿಯ ಮೆಂಬರು. ಮಾರನೆಯ ದಿನವೇ ಹೆಡ್‌ಮಾಸ್ಟರ ರೂಮಿನಲ್ಲಿ ಪಂಚಾಯ್ತಿ. ಸಾಕ್ಷಿಗೆ ನನ್ನನ್ನೂ ಕರೆಸಿದರು. ಪಾಠದ ಪುಸ್ತಕ ತೆಗೆದು ಕುದುರೆಯ ಕಥೆ ಓದಿ ಅಂದರು. ‘ಹಿ ಹ್ಯಾಡ್ ಎ ಹಾರ್ಸ್’ ಅನ್ನುವ ಸಾಲನ್ನು ಮೇಷ್ಟ್ರು ಹಣೆ ಒರೆಸಿಕೊಂಡು ಓದಿದರು: “ಈ ಆಡ್ ಎ ಆರ್ಸ್.”

ಚಿಕ್ಕಪ್ಪ ಮೇಜು ಬಡಿದು ನಕ್ಕ. “ಅಯ್ಯೋ, ‘ಆರ್ಸ್’ ಅಲ್ಲ ಕಣ್ರೀ ಮೇಷ್ಟ್ರೇ, ‘ಆರ್ಸ್’ ಅನ್ಬೇಕು! ನಿಮ್ಗೆ ‘ಅ’ಕಾರನೇ ಬರಾಕಿಲ್ವಲ್ಲ, ನಮ್ ಐಕ್ಳಿಗೇನ್ ಏಳ್ಕೊಡ್ತೀರಿ?”

ಹೆಡ್‌ಮಾಸ್ಟರು ತಲೆಯಾಡಿಸಿದರು. ಮೇಷ್ಟ್ರು ಚಿಕ್ಕಪ್ಪನನ್ನು ಬಿಟ್ಟು ನನ್ನ ಕಡೆ ತಿರುಗಿ ಮೆಲ್ಲಗೆ, “ಕೇಳುಸ್ತೇನವ್ವ?” ಅಂದರು.

“ಕೇಳುಸ್ತು ಸಾರ್. ನೀವು ಓದಿದ್ದು ತಪ್ಪು” ಅಂದೆ.

ಸಣ್ಣಗೆ ನಕ್ಕು ಪುಸ್ತಕ ಮುಚ್ಚಿದರು. ಸೋಮವಾರದಿಂದ ಬರಲಿಲ್ಲ. ಡಿಕ್ಷನರಿ ನನ್ನ ಹತ್ತಿರವೇ ಉಳಿಯಿತು...

ಆ ಡಿಕ್ಷನರಿ ಹಿಡಿದುಕೊಂಡೇ ನಾನು ಇಂಗ್ಲಿಷ್ ಎಂ.ಎ.ಗೆ ಮೈಸೂರಿಗೆ ಹೋದೆ. ಭಾಷಾವಿಜ್ಞಾನದ ಮೇಡಂ ಒಂದು ಬೆಳಿಗ್ಗೆ ಕ್ಲಾಸಿಗೆ ಕನ್ನಡಿ ತಂದರು. ಬಾಯಿಯ ಮುಂದೆ ಹಿಡಿದು ‘ಆ’ ಅಂದರು, ಗಾಜು ಹೆಚ್ಚುಕಮ್ಮಿ ಹಾಗೇ ಇತ್ತು. ‘ಹಾ’ ಅಂದರು, ಮಬ್ಬಾಯಿತು. ಹಕಾರ ಅಂದರೆ ಇಷ್ಟೇ, ಒಂದು ಉಸಿರು ಅಂದರು. ನನಗೆ ನೀರಿನ ಟ್ಯಾಂಕು ಕಂಡಿತು. ಇಂಗ್ಲೆಂಡಿನಲ್ಲೂ ಎಷ್ಟೋ ಜನ ಹಕಾರ ನುಂಗುತ್ತಾರೆ, ಸರಿಯಾಗಿ ಮಾತಾಡಬೇಕು ಅಂತ ಹೊರಟಾಗ ಇಲ್ಲದ ಕಡೆ ಸೇರಿಸಿ ‘ಹೆಗ್’ ಅನ್ನುತ್ತಾರೆ ಅಂದರು. ಅದು ಉಡಾಫೆಯವರ ತಪ್ಪಲ್ಲ, ತಿದ್ದಿಕೊಳ್ಳಲು ಒದ್ದಾಡುವವರ ತಪ್ಪು. ನಾನು ಅದನ್ನೂ ಸುಮ್ಮನೆ ನಂಬಲಿಲ್ಲ. “ಹಾಗಾದ್ರೆ ಇಂಟರ್‌ವ್ಯೂನಲ್ಲಿ ಔಸ್ ಅಂದ್ರೆ ಕೆಲಸ ಕೊಡ್ತಾರಾ ಮೇಡಂ?” ಅಂತ ಕೇಳಿದೆ. ಅವರು ಕನ್ನಡಿ ಒರೆಸಿ ಬ್ಯಾಗಿಗೆ ಹಾಕಿಕೊಂಡರು.

ಊರವರ ಮಾತು ರೆಕಾರ್ಡ್ ಮಾಡಿ ತನ್ನಿ ಅಂತ ಅಸೈನ್‌ಮೆಂಟ್ ಕೊಟ್ಟರು. ಚಿಕ್ಕಪ್ಪನ ಮುಂದೆ ಮೊಬೈಲ್ ಇಟ್ಟೆ. ಅವನಿಗೆ ಬೇರೆ ಕಥೆ ಸಿಗಲಿಲ್ಲ. ಮೇಷ್ಟ್ರನ್ನು ಓಡಿಸಿದ್ದನ್ನೇ ಹೇಳಿದ. ಹಾಸ್ಟೆಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿ ಬರೆದುಕೊಂಡೆ. ಓದ್ವಿ, ಏಳುದ್ವಿ, ಅಂಗೆ, ಇಂಗೆ... ಮೊದಲಿಂದ ಕೊನೆವರೆಗೆ ಒಂದೇ ಒಂದು ಹಕಾರ ಇರಲಿಲ್ಲ. ಅವತ್ತು ರೂಮಿನಲ್ಲಿ ಅವನು ತಿದ್ದಿದ ‘ಆರ್ಸ್’ ಕೂಡ ಮೇಷ್ಟ್ರ ‘ಆರ್ಸೇ’. ‘ಕೇಳುಸ್ತೇನವ್ವ’ ಅಂತ ಮೇಷ್ಟ್ರು ನನ್ನನ್ನು ಕೇಳಿದ್ದು ಅದನ್ನು. ನಮ್ಮವನದ್ದು ನನಗೆ ಕೇಳಿಸಿರಲಿಲ್ಲ, ಅಷ್ಟೆ. ನಾಚಿಕೆಯಾಯಿತು. ಅಳು ಬಂತು.

ಕೆಲಸ ಸಿಕ್ಕ ಮೇಲೆ ಡಿಕ್ಷನರಿ ಹಿಡಿದುಕೊಂಡು ಹ್ಯಾಂಡ್‌ಪೋಸ್ಟಿಗೆ ಹೋದೆ. ವಿಚಾರಿಸುತ್ತಾ ಹೋದರೆ ಒಂದು ಜೆರಾಕ್ಸ್ ಅಂಗಡಿ ತೋರಿಸಿದರು. ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಅಲ್ಲೇ ಕೂತು ಜನರಿಗೆ ಇಂಗ್ಲಿಷ್ ಅರ್ಜಿ ಬರೆದುಕೊಡುತ್ತಿದ್ದರಂತೆ. ಎರಡು ವರ್ಷದ ಹಿಂದೆ ತೀರಿಕೊಂಡರಂತೆ. ಈಗ ಅಂಗಡಿಯಲ್ಲಿ ಕೂತಿದ್ದ ಅವರ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾವ್ ಆಪೀಸಿಂದ ಬಂದಿದ್ದೀರಿ?” ಅಂದರು. ಮೇಷ್ಟ್ರ ಹತ್ತಿರ ಓದಿದವಳು ಅಂದೆ, ಊರಿನ ಹೆಸರು ಹೇಳಿದೆ.

“ಅಲ್ಲೊಂದು ಎಣ್ಣುಡ್ಗಿ ಇತ್ತಂತೆ. ಕಿವಿ ಬಲೇ ಚುರುಕು ಆ ಮಗೀಗೆ, ಬುಟ್ರೆ ಎಲ್ಲೋ ಓಯ್ತಳೆ ಅಂತಿದ್ರು. ನೀವೇನಾ ಅದು?”

ಹೌದು ಅನ್ನಬೇಕು ಅಂತ ಬಾಯಿ ತೆರೆದೆ. “ಔದು” ಅಂತ ಬಂತು.

ಡಿಕ್ಷನರಿ ಟೇಬಲ್ಲಿನ ಮೇಲಿಟ್ಟೆ. ಪಟ್ಟಿಯ ವಿಷಯ ಹೇಳದೆಯೇ ಹೊರಟು ಬಂದೆ. ಕಿವಿ ಚುರುಕು ಅಂದಿದ್ದು ಹೊಗಳಿಕೆಯೋ, ಚುಚ್ಚುಮಾತೋ? ಪಟ್ಟಿ ನನ್ನದೇ ಅಂತ ಮೇಷ್ಟ್ರಿಗೆ ಗೊತ್ತಿತ್ತೋ ಇಲ್ಲವೋ? ಈ ಅನುಮಾನ ಮಾತ್ರ ಇನ್ನು ತೀರುವುದಿಲ್ಲ.

ನಾಳೆ ಕ್ಲಾಸಿದೆ. ಕನ್ನಡಿ ಬ್ಯಾಗಿನಲ್ಲಿದೆ. ಯಾರೋ ಒಬ್ಬರು ‘ಔಸ್’ ಅನ್ನುತ್ತಾರೆ, ಉಳಿದವರು ನಗುತ್ತಾರೆ, ನಕ್ಕವರಲ್ಲಿ ಅರ್ಧ ಜನರ ಬಾಯಲ್ಲೂ ಹಕಾರ ಇರುವುದಿಲ್ಲ. ಕೇಳುಸ್ತಾ ಅಂತ ನಾನೂ ಕೇಳುತ್ತೇನೆ. ನನ್ನನ್ನು ಹಾಗೆ ಕೇಳಿದವರಿಗೆ, ಈಗ ಕೇಳುಸ್ತು ಸಾರ್ ಅನ್ನೋಣ ಅಂದರೆ ಅವರೇ ಇಲ್ಲ.