ಕೆಂಪು ಶಾಯಿಯ ಸಾಲುಗಳು

ಹಾಡಿನಲ್ಲಿ ಹೆಣ್ಣು ನಾಚುವ ಕಡೆ ಯಶೋಧರಾಳಿಗೆ ಯಾವತ್ತೂ ಏನೂ ಅನ್ನಿಸಿದ್ದಿಲ್ಲ. ಅವಳು ಕಾಯುತ್ತಿದ್ದುದು ಗಂಡಿನ ಸಾಲಿಗೆ. ಅವನು ಹೆಣ್ಣನ್ನು ನೋಡುತ್ತಾನೆ, ನೋಡಿದ್ದನ್ನು ಹೇಳುತ್ತಾನೆ. ಹಾಗೆ ನೋಡುವವಳು ನಾನೇ ಎಂದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕಾರ್ಖಾನೆಯ ಬಸ್ಸಿನಲ್ಲಿ, ಅವಳಿಗೆ ತಿಳಿಯಿತು. ಅಂಥವರನ್ನು ಏನೆಂದು ಕರೆಯುತ್ತಾರೋ ಅವಳು ಕೇಳಿರಲಿಲ್ಲ. ಹಾಡುಗಳಿದ್ದವು, ಅಷ್ಟೇ.

ನಂಜನಗೂಡಿನ ಸೋಪಿನ ಕಾರ್ಖಾನೆಯೊಂದರಲ್ಲಿ ಅವಳದು ಪ್ಯಾಕಿಂಗ್ ಕೆಲಸ. ಹೆಮ್ಮರಗಾಲದಲ್ಲಿ ಬೆಳಗಿನ ಪಾಳಿಯ ಬಸ್ಸು ಹತ್ತಿದರೆ ಪಕ್ಕದ ಸೀಟಿನಲ್ಲಿ ಅದೇ ಊರಿನ ಧನುಶ್ರೀ. ದಾರಿಯುದ್ದಕ್ಕೂ ಇಬ್ಬರೂ ಸೇರಿ ಹಾಡುವ ಸಿನಿಮಾ ಹಾಡು. ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಹಾಡಿನ ಪುಸ್ತಕಗಳಲ್ಲಿ ಸಾಲಿನ ಪಕ್ಕ ಗಂಡು, ಹೆಣ್ಣು ಎಂದು ಅಚ್ಚಾಗಿರುತ್ತಿತ್ತು. ಅವನ್ನು ನೋಟುಬುಕ್ಕಿಗೆ ಇಳಿಸುವಾಗ ಯಶೋಧರಾ ಆ ಎರಡು ಪದಗಳನ್ನು ಬಿಟ್ಟಳು. ತಾನು ಹಾಡುವ ಗಂಡಿನ ಸಾಲುಗಳನ್ನು ಕೆಂಪು ಶಾಯಿಯಲ್ಲಿ, ಧನುಶ್ರೀಯವನ್ನು ನೀಲಿಯಲ್ಲಿ ಬರೆದಳು. ನಮ್ ಹೀರೋ ಬಂದ ಕಣ್ರೇ ಎಂದು ಹಿಂದಿನ ಸೀಟಿನ ಮುತ್ತಮ್ಮ ರೇಗಿಸುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅವರು ನಗುತ್ತಿದ್ದುದರಿಂದಲೇ ಅವಳು ಹಾಡಬಹುದಿತ್ತು.

ನಾಲ್ಕು ವರ್ಷ ಹಾಗೆ ನಡೆಯಿತು. ಧನುಶ್ರೀ ಕಿಟಕಿಯ ಆಚೆ ನೋಡುತ್ತ ತನ್ನ ಸಾಲು ಹಾಡುವಳು. ಇವಳ ಸಾಲು ಅವಳಿಗೆ ಹಾಡಾಗಿ ಮಾತ್ರ ಕೇಳಿಸುತ್ತಿತ್ತೋ, ಮಾತಾಗಿಯೋ, ಯಶೋಧರಾಳಿಗೆ ಗೊತ್ತಾಗಲಿಲ್ಲ.

೨೦೦೧ರಲ್ಲಿ ಬನ್ನೂರಿನ ಜಗನ್ ಜೊತೆ ಧನುಶ್ರೀಯ ಮದುವೆ ನಿಶ್ಚಯವಾಯಿತು. ಆ ದಿನ ಯಶೋಧರಾಳ ಕೈಯಿಂದ ಒಂದು ಸೋಪೂ ಜಾರಲಿಲ್ಲ. ಮಧ್ಯಾಹ್ನ ಹಸಿವಾಯಿತು, ಉಂಡಳು. ಒಂದನ್ನು ಮಾತ್ರ ತೀರ್ಮಾನಿಸಿಕೊಂಡಳು. ಮದುವೆಯಲ್ಲಿ ಹಾಡಿ ಎಂದು ಹೇಗೂ ಕೇಳುತ್ತಾರೆ. ಆಗ ಒಂದು ಸಲ ಧನುಶ್ರೀಯ ಮುಖ ನೋಡಿ ಪೂರ್ತಿ ಹಾಡುವುದು. ಅವಳಿಗೆ ತಿಳಿದಿದೆಯೋ ಇಲ್ಲವೋ ಅಲ್ಲಿ ಗೊತ್ತಾಗುತ್ತದೆ.

ಬನ್ನೂರಿನ ಸಮುದಾಯ ಭವನದಲ್ಲಿ ಊಟ ಮುಗಿದ ಮೇಲೆ ಮೈಕು ಬಂತು. ಯಶೋಧರಾ ನೋಟುಬುಕ್ಕು ಹಿಡಿದು ವೇದಿಕೆ ಹತ್ತಿದಳು. ಗಂಡಿನ್ ಸಾಲು ಅವಳ್ದೇ ಕಣ್ರೇ ಎಂದು ಮುತ್ತಮ್ಮ ಕೂಗಿದಳು. ಬಾಯಿ ತೆರೆಯುವಷ್ಟರಲ್ಲಿ ಜಗನ್‌ನ ಸೋದರಮಾವ ಚಾಮಯ್ಯ ಮೈಕನ್ನು ಅವಳ ಕೈಯಿಂದ ತೆಗೆದುಕೊಂಡ.

"ಗಂಡು ಇಲ್ಲೇ ಕುಂತವ್ನೆ, ನೀನ್ಯಾಕವ್ವ ಗಂಡಿನ್ ಪಾಲ್ಟು? ಏಳ್ಲಾ ಜಗನ್."

ಜಗನ್‌ಗೆ ಪದ ಬರುತ್ತಿರಲಿಲ್ಲ. ಸಂಕೋಚದಿಂದಲೇ ಎದ್ದು ನೋಟುಬುಕ್ಕಿನ ಮೇಲೆ ಬಗ್ಗಿದ.

"ಕೆಂಪಲ್ಲಿರೋದು ನಂದಾ ಸಿಸ್ಟರ್?"

"ಊಂ. ಕೆಂಪಲ್ಲಿರೋದು ನಿಮ್ದು."

ಅವನಿಗೆ ಕಾಣುವಂತೆ ಅವಳು ಪುಸ್ತಕ ಎತ್ತಿ ಹಿಡಿದಳು. ಸಾಲಿನ ಕೆಳಗೆ ಬೆರಳಿಟ್ಟು ತೋರಿಸುತ್ತ ಹೋದಳು. ಅವನು ಎಲ್ಲೆಲ್ಲೋ ಉಸಿರು ತೆಗೆದುಕೊಂಡು ಓದಿದ. ಜನ ಚಪ್ಪಾಳೆ ತಟ್ಟಿದರು. ಅವಳ ತೋಳು ನೋಯುತ್ತಿತ್ತು. ಬೇರೆ ಎಲ್ಲೂ ಏನೂ ಆಗುತ್ತಿರಲಿಲ್ಲ.

ತನ್ನ ಸಾಲು ಬಂದಾಗ ಧನುಶ್ರೀ ಗಂಡನ ಕಡೆ ನೋಡಲಿಲ್ಲ. ಪುಟದ ಮೇಲಿದ್ದ ಬೆರಳನ್ನು ನೋಡಿದಳು. ಅರ್ಧ ಹಾಡಿ, ಸಾಕು ಎಂದು ನಿಲ್ಲಿಸಿಬಿಟ್ಟಳು.

ಸಂಜೆ ಹೆಮ್ಮರಗಾಲದವರ ಟೆಂಪೊ ಹೊರಡುವಾಗ ಧನುಶ್ರೀ ಬಾಗಿಲಿನವರೆಗೂ ಬಂದಳು. ಸುತ್ತ ಹೆಂಗಸರಿದ್ದರು.

"ಬಸ್ಸಲ್ಲಿ ನನ್ ಸಾಲ್ನ ಬ್ಯಾರೆ ಯಾರ್ಗೂ ಕೊಡ್ಬ್ಯಾಡ ಕಣೇ."

ಅಂದರೆ ಅವಳಿಗೆ ತಿಳಿದಿತ್ತು. ನಾಲ್ಕು ವರ್ಷವೂ ತಿಳಿದಿತ್ತು. ಯಶೋಧರಾ ಊಂ ಎಂದಳು. ಸಂತೋಷವೋ ದುಃಖವೋ ಬರಲೆಂದು ಟೆಂಪೊದಲ್ಲಿ ನರಸೀಪುರದವರೆಗೂ ಕಾದಳು. ಬರಲಿಲ್ಲ.

ಆ ಬಸ್ಸಿನಲ್ಲಿ ಅವಳು ಇನ್ನೂ ಎಂಟು ವರ್ಷ ಓಡಾಡಿದಳು. ಹೊಸ ಹುಡುಗಿಯರು ಕೇಳಿದರೆ ಹಾಡು ಬರೆದುಕೊಡುತ್ತಿದ್ದಳು. ಹಾಡುತ್ತಿರಲಿಲ್ಲ.