ಅತ್ತೆಯ ಕೈಗೆ ಯಾವ ಅಳತೆ?

ನಮ್ಮ ಟವೆಲ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಚಡಪಡಿ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆದರೂ ಅವಳಿಗೆ ಬೇಜಾರಿಲ್ಲ, ಯಾಕೆಂದರೆ ಬೇಜಾರು ಮಾಡಿಕೊಳ್ಳುವುದಕ್ಕೂ ಒಂದು ಕಡೆ ಕೂರಬೇಕಲ್ಲ. ಹದಿನೆಂಟು ವರ್ಷ ಅವಳ ಮೇಜಿನ ಪಕ್ಕದಲ್ಲೇ ನನ್ನ ಮೇಜು. ನಾನು ಹೊರಗೆ ಹೋಗುವ ಮಾಲಿನ ಕಾಗದಪತ್ರ ಬರೆಯುವವಳು, ಅವಳು ಗುಣಮಟ್ಟದ ಅಂಕಿಅಂಶ ನೋಡುವವಳು. ಇಷ್ಟು ವರ್ಷಗಳಲ್ಲಿ ಅವಳ ಕುರ್ಚಿಯಲ್ಲಿ ಅವಳಿಗಿಂತ ಹೆಚ್ಚು ಹೊತ್ತು ಕೂತದ್ದು ಅವಳ ಕೈಚೀಲ. ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ಕಿಟಕಿ ತೆರೆಯುವುದು, ಮುಚ್ಚುವುದು, ಕೂಡಿದ್ದನ್ನೇ ಮತ್ತೆ ಕೂಡುವುದು. ಎಷ್ಟೋ ಸಲ ಅವಳನ್ನು ಕುರ್ಚಿಗೆ ಕಟ್ಟಿಹಾಕಿಬಿಡಬೇಕು ಅನ್ನಿಸಿದ್ದುಂಟು. ಕಟ್ಟಲು ಟವೆಲ್‌ಗಳಿಗೇನು ನಮ್ಮಲ್ಲಿ ಬರವಿರಲಿಲ್ಲ.

ಅವಳ ಅಪ್ಪ ಲಾರಿ ಓಡಿಸುತ್ತಿದ್ದವರು. ತಿಂಗಳುಗಟ್ಟಲೆ ರಸ್ತೆಯಲ್ಲೇ ಇರುತ್ತಿದ್ದುದರಿಂದ ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟಿದ್ದರು. ಆ ಅತ್ತೆಯೇ ಇವಳಿಗೆ ಜಡೆ ಹಾಕಿ, ಶಾಲೆಗೆ ಕಳಿಸಿ, ಲೆಕ್ಕ ಓದಿಸಿ, ಮದುವೆ ಮಾಡಿದವರು. ಅದೇ ಅತ್ತೆ ನಮ್ಮ ಕಾರ್ಖಾನೆಯ ಕೈಪರೀಕ್ಷೆಯ ಮೇಜಿನಲ್ಲಿದ್ದರು. ಟವೆಲ್ ಮುಟ್ಟಿ ಎಷ್ಟು ಮೆತ್ತಗಿದೆ ಎಂದು ಹೇಳುವುದು ಅವರ ಕೆಲಸ. ಒಂದನೇ ದರ್ಜೆ ಅಂದರೆ ಬೆಣ್ಣೆ, ಐದನೇ ದರ್ಜೆ ಅಂದರೆ ಗೋಣಿ. ಮೂವತ್ತೊಂದು ವರ್ಷ ಅವರು ಹೇಳಿದ್ದೇ ದರ್ಜೆ. ಕೈಗೆ ಒರಟು ಬರಬಾರದೆಂದು ಮನೆಯಲ್ಲಿ ಪಾತ್ರೆ ಉಜ್ಜುತ್ತಿರಲಿಲ್ಲ, ಅದನ್ನು ಮಾವ ಉಜ್ಜುತ್ತಿದ್ದರು. ಈ ಒಂದು ವಿಷಯಕ್ಕೆ ಕಾರ್ಖಾನೆಯ ಹೆಂಗಸರೆಲ್ಲ ಅತ್ತೆಯನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದೆವು.

ನಾವು ಸೇರಿದ ಹದಿನೆಂಟನೇ ವರ್ಷ ಕಾರ್ಖಾನೆಯ ಸಾಹೇಬರು ಒಂದು ಯಂತ್ರ ತರಿಸಿದರು. ಅದು ಟವೆಲನ್ನು ಬಗ್ಗಿಸಿ, ಒತ್ತಿ, ಬಿಗಿತ ಎಷ್ಟೆಂದು ಅಂಕಿ ಕೊಡುತ್ತದೆ. ಒಂದು ಟವೆಲ್‌ಗೆ ಹನ್ನೆರಡು ನಿಮಿಷ. ಅಷ್ಟು ಹೊತ್ತಿಗೆ ಅತ್ತೆ ನೂರು ಮುಟ್ಟಿರುತ್ತಿದ್ದರು. ಸಾಹೇಬರು ಚಡಪಡಿಯನ್ನು ಕರೆದು ಹೇಳಿದರು: “ನಲವತ್ತು ಟವೆಲ್ ತಗೊಳ್ಳಿ. ನಿಮ್ಮ ಅತ್ತೆ ಕೊಡೋ ದರ್ಜೆ, ಯಂತ್ರ ಕೊಡೋ ಅಂಕಿ, ಎರಡಕ್ಕೂ ಎಷ್ಟು ಹೊಂದುತ್ತೆ ಅಂತ ಲೆಕ್ಕ ಹಾಕಿ. ಒಂದಕ್ಕೆ ಮುಕ್ಕಾಲಾದ್ರೂ ಬಂದ್ರೆ ಕೈಪರೀಕ್ಷೆ ಇರ್ಲಿ. ಬರ್ಲಿಲ್ಲ ಅಂದ್ರೆ ಇನ್ನೂ ಮೂರು ಯಂತ್ರ ತರಿಸಿ ಆ ಮೇಜು ತೆಗೆಸಿಬಿಡ್ತೀನಿ.”

ಎರಡು ಸಂಗತಿಗಳು ಒಟ್ಟೊಟ್ಟಿಗೆ ಏರುತ್ತವೆಯೇ, ಇಳಿಯುತ್ತವೆಯೇ ಎಂದು ಹೇಳುವ ಅಂಕಿಗೆ ಪುಸ್ತಕದಲ್ಲಿ ಸಹಸಂಬಂಧ ಎನ್ನುತ್ತಾರಂತೆ. ಪೂರ್ತಿ ಹೊಂದಿದರೆ ಒಂದು, ಏನೂ ಹೊಂದದಿದ್ದರೆ ಸೊನ್ನೆ. ಚಡಪಡಿ ಇಂಥವನ್ನು ನೂರಾರು ಸಲ ಮಾಡಿದವಳು. ನಲವತ್ತು ಜೋಡಿ ಅಂಕಿ ಕಂಪ್ಯೂಟರಿಗೆ ಹಾಕಿದಳು, ಯಾವಾಗಲೂ ಒತ್ತುವ ಗುಂಡಿಯನ್ನೇ ಒತ್ತಿದಳು. ಸೊನ್ನೆ ಪಾಯಿಂಟ್ ನಾಲ್ಕು ಎಂಟು ಬಂತು. ಅರ್ಧವೂ ಇಲ್ಲ.

ಅವಳ ಮುಖ ಬಿಳಿಚಿಕೊಂಡಿತು. “ಏನೇ ಅದು?” ಎಂದೆ. ಎದ್ದು ಕಿಟಕಿಗೆ ಹೋದಳು, ಬಾಗಿಲಿಗೆ ಹೋದಳು, ನೀರಿನ ಡ್ರಮ್ಮಿನ ಹತ್ತಿರ ಹೋಗಿ ನೀರು ಕುಡಿಯದೆ ವಾಪಸ್ ಬಂದಳು. ಆಮೇಲೆ ಚೌಕುಳಿ ಹಾಳೆಯ ಮೇಲೆ ನಲವತ್ತು ಚುಕ್ಕೆ ಇಟ್ಟಳು. ನಾನೂ ಬಗ್ಗಿ ನೋಡಿದೆ. ಚುಕ್ಕೆಗಳು ಅಡ್ಡಾದಿಡ್ಡಿ ಚೆಲ್ಲಿರಲಿಲ್ಲ. ದರ್ಜೆ ಏರಿದಂತೆ ಅಂಕಿಯೂ ಏರುತ್ತಿತ್ತು, ಆದರೆ ನೆಟ್ಟಗೆ ಅಲ್ಲ. ಮೊದಲು ನೆಲ ಹಿಡಿದುಕೊಂಡೇ ಹೋಗಿ, ಐದನೇ ದರ್ಜೆಯಲ್ಲಿ ಮೂರೇ ಮೂರು ಟವೆಲ್‌ಗಳು ಹಾಳೆಯ ತುತ್ತತುದಿಗೆ ಹಾರಿ ಕೂತಿದ್ದವು. ಉಳಿದವಕ್ಕಿಂತ ಅವುಗಳ ಬಿಗಿತ ಹತ್ತು ಪಟ್ಟು.

“ನಾನು ಒತ್ತಿದ ಗುಂಡಿ ಗೆರೆ ನೆಟ್ಟಗಿದ್ಯಾ ಅಂತ ನೋಡೋದು ಕಣೇ,” ಎಂದಳು ಉಗುರು ಕಚ್ಚುತ್ತಾ. “ಇಲ್ಲಿ ಗೆರೆನೇ ನೆಟ್ಟಗಿಲ್ಲ. ಅದೂ ಅಲ್ದೆ ಅತ್ತೆಯ ಒಂದಕ್ಕೂ ಎರಡಕ್ಕೂ ಕೂದಲೆಳೆ ವ್ಯತ್ಯಾಸ, ನಾಲ್ಕಕ್ಕೂ ಐದಕ್ಕೂ ಮೈಲುಗಟ್ಟಲೆ. ನಾನು ಎಲ್ಲಾ ಒಂದೇ ಅಂತರ ಅನ್ನೋ ಹಾಗೆ ಹಾಕಿಬಿಟ್ಟೆ.”

ಇನ್ನೊಂದು ವಿಧಾನವಿದೆಯಂತೆ, ರ‍್ಯಾಂಕ್ ವಿಧಾನ. ಅದಕ್ಕೆ ಅಂಕಿ ಎಷ್ಟೆಂಬುದು ಬೇಡ, ಯಾವುದು ಮೊದಲು, ಯಾವುದು ಆಮೇಲೆ ಎಂಬ ಸರದಿ ಮಾತ್ರ ಸಾಕು. ಅದನ್ನು ಹಾಕಿ ನೋಡಿದಳು. ಸೊನ್ನೆ ಪಾಯಿಂಟ್ ಏಳು ಏಳು. ಮುಕ್ಕಾಲಿಗಿಂತ ಕೂದಲಷ್ಟು ಮೇಲೆ.

“ಅಬ್ಬಾ, ಬದುಕಿಕೊಂಡ್ರು ಬಿಡು ಅತ್ತೆ!” ಎಂದೆ ನಾನು. ಅವಳು ನನ್ನನ್ನು ತಿನ್ನುವ ಹಾಗೆ ನೋಡಿದಳು.

ಅದಕ್ಕೆ ಕಾರಣವಿತ್ತು. ಎರಡು ತಿಂಗಳ ಹಿಂದಷ್ಟೇ ಬಣ್ಣದ ವಿಭಾಗದ ಮೇಸ್ತ್ರಿ ಒಂದು ಲೆಕ್ಕ ತಂದಿದ್ದ. ಎಷ್ಟು ಹೊತ್ತು ಕುದಿಸಿದರೆ ಬಣ್ಣ ಎಷ್ಟು ನಿಲ್ಲುತ್ತದೆ ಎಂಬುದನ್ನು ಮೂರು ವಿಧಾನದಲ್ಲಿ ಹಾಕಿ, ತನಗೆ ಒಳ್ಳೆಯದಾಗಿ ಕಂಡ ಅಂಕಿಯನ್ನು ದೊಡ್ಡದಾಗಿ ಬರೆದಿದ್ದ. ಚಡಪಡಿ ಎಲ್ಲರ ಮುಂದೆ ಆ ಕಾಗದವನ್ನು ಪರಪರ ಹರಿದಳು. “ಅಂಕಿ ನೋಡಿ ಆಮೇಲೆ ಅಳತೆ ಆರಿಸಿದ್ರೆ ಅದು ಅಳತೆ ಅಲ್ಲ ಮೇಸ್ತ್ರಿ, ಆಸೆ,” ಎಂದಿದ್ದಳು. ಅಷ್ಟು ಸಾಲದೆಂದು ಗೋಡೆಗೆ ಒಂದು ಚೀಟಿಯನ್ನೂ ಅಂಟಿಸಿದಳು: ಅಳತೆ ಮೊದಲು, ಅಂಕಿ ಆಮೇಲೆ. ಪಾಪ, ಅವನು ಕಿವಿಯವರೆಗೆ ಕೆಂಪಾಗಿ ಹೋಗಿದ್ದ. ಆ ದಿನದಿಂದ ನಮ್ಮ ಕೋಣೆಗೆ ಕಾಲಿಟ್ಟಿರಲಿಲ್ಲ.

ಈಗ ಆ ಚೀಟಿ ಅವಳ ತಲೆಯ ಮೇಲೇ ಇತ್ತು.

ಮೂರು ದಿನ ಅವಳು ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದಳು. ಊಟದ ಡಬ್ಬಿ ತೆರೆದು ಹಾಗೇ ಮುಚ್ಚುವಳು. “ರ‍್ಯಾಂಕ್ ವಿಧಾನನೇ ಸರಿ ಕಣೇ, ಅದರಲ್ಲಿ ಅನುಮಾನ ಇಲ್ಲ,” ಎನ್ನುವಳು. ಎರಡು ನಿಮಿಷಕ್ಕೆ, “ಅದು ಸರಿ ಅಂತ ನನಗೆ ಹೊಳೆದಿದ್ದು ಯಾವಾಗ? ಅತ್ತೆ ಕೆಲಸ ಹೋಗುತ್ತೆ ಅಂದಾಗ. ಮೊದಲನೇ ಸಲವೇ ಸೊನ್ನೆ ಪಾಯಿಂಟ್ ಎಂಟು ಬಂದಿದ್ರೆ ನಾನು ಚುಕ್ಕೆ ಇಟ್ಟು ನೋಡ್ತಿದ್ನಾ?” ಎನ್ನುವಳು. ನೋಡುತ್ತಿರಲಿಲ್ಲ ಎಂಬುದು ನನಗೂ ಗೊತ್ತು, ಅವಳಿಗೂ ಗೊತ್ತು. “ಒಳ್ಳೆ ಅಂಕಿ ಬರೆದು ಕೊಟ್ಟು ಕೈತೊಳ್ಕೋ ಮಾರಾಯ್ತಿ,” ಎಂದುಬಿಟ್ಟೆ. ನಿಜ ಹೇಳುತ್ತೇನೆ, ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.

ಭಾನುವಾರ ಮಧ್ಯಾಹ್ನ ಅವಳ ಮನೆಗೆ ಹೋಗಿದ್ದೆ. ಗಂಡ ಗಡಿಯಾರ ರಿಪೇರಿ ಮಾಡುವವನು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮೂಲೆಯಲ್ಲಿ ಕೂತಿದ್ದ. ಇವಳು ಅಡುಗೆಮನೆಗೂ ಪಡಸಾಲೆಗೂ ಓಡಾಡುತ್ತಾ ಏಳನೇ ಕ್ಲಾಸಿನ ಮಗಳಿಗೆ ರ‍್ಯಾಂಕ್ ವಿಧಾನ ವಿವರಿಸುತ್ತಿದ್ದಳು. ಮಗಳು ತಲೆ ಎತ್ತದೆ ಹೇಳಿದಳು: “ಗೊತ್ತಮ್ಮ. ಫಸ್ಟ್ ಬಂದವಳಿಗೂ ನನಗೂ ಒಂದೇ ಮಾರ್ಕ್ ವ್ಯತ್ಯಾಸ, ನನಗೂ ಥರ್ಡ್ ಬಂದವನಿಗೂ ಇಪ್ಪತ್ತು. ರ‍್ಯಾಂಕಲ್ಲಿ ಮಾತ್ರ ಒಂದು, ಎರಡು, ಮೂರು. ಅಷ್ಟೇ ತಾನೆ?”

“ಅಷ್ಟೇ.”

“ಹಾಗಾದ್ರೆ ಅದನ್ನ ಟವೆಲ್ ಮುಟ್ಟೋಕೆ ಮುಂಚೆನೇ ಹೇಳಬಹುದಿತ್ತಲ್ಲ?”

ಗಂಡ ಭೂತಗನ್ನಡಿ ತೆಗೆಯದೆಯೇ ನಕ್ಕ. “ಇನ್ನೊಂದು ಸಲ ಮಾಡು. ಈ ಸಲ ಮುಂಚೆನೇ ಹೇಳು,” ಎಂದ. ವರ್ಷಕ್ಕೆ ನಾಲ್ಕು ಮಾತಾಡುವ ಮನುಷ್ಯ ಅವನು. ಅದರಲ್ಲಿ ಒಂದು ಆ ದಿನ ಖರ್ಚಾಯಿತು.

ಸೋಮವಾರ ಬೆಳಿಗ್ಗೆ ಅವಳು ಸಾಹೇಬರ ಕೋಣೆಗೆ ಹೋಗಿ ಎರಡೂ ಅಂಕಿಯನ್ನು ಮೇಜಿನ ಮೇಲಿಟ್ಟಳು. ಬಾಗಿಲು ತೆರೆದೇ ಇತ್ತು, ನಾನು ಕಾಗದ ಹಿಡಿದುಕೊಂಡು ಬೇಕೆಂದೇ ಹೊರಗೆ ನಿಂತಿದ್ದೆ. “ಸರ್, ಅವರು ನನ್ನನ್ನ ಸಾಕಿದ ಅತ್ತೆ. ನಾನು ಯೋಚನೆ ಮಾಡದೆ ಮೊದಲು ತಪ್ಪು ಅಳತೆ ಹಾಕಿದೆ. ಆಮೇಲೆ ಸರಿಯಾದದ್ದು ಹಾಕಿದೆ, ಆದ್ರೆ ಅಂಕಿ ನೋಡಿದ ಮೇಲೆ ಹಾಕಿದೆ. ಎರಡನ್ನೂ ನಂಬಬೇಡಿ. ಬೇರೆ ನಲವತ್ತು ಟವೆಲ್ ತೆಗೆಸಿ. ಯಾವ ಅಳತೆ ಅಂತ ಈಗಲೇ ಬರೆದು ಕೊಡ್ತೀನಿ. ಲೆಕ್ಕ ನಾನು ಮಾಡಲ್ಲ, ಬಣ್ಣದ ಮೇಸ್ತ್ರಿ ಮಾಡಲಿ.”

“ಆ ಮೇಸ್ತ್ರಿಗೆ ನಿಮ್ಮ ಮೇಲೆ ಕೋಪ ಅಲ್ವಾ?” ಎಂದರು ಸಾಹೇಬರು.

“ಅದಕ್ಕೇ ಸರ್.”

ಮೇಸ್ತ್ರಿ ಒಪ್ಪಿದ. ಒಪ್ಪುವಾಗ ಅವನ ಮುಖದಲ್ಲಿ ಕಂಡ ಸಂತೋಷ ನನಗೇನೂ ಹಿಡಿಸಲಿಲ್ಲ. ಎರಡು ದಿನದಲ್ಲಿ ಯಂತ್ರ ಹೊಸ ನಲವತ್ತು ಟವೆಲ್‌ಗಳ ಬಿಗಿತ ಅಳೆದು ಮುಗಿಸಿತು. ಆ ಅಂಕಿಗಳ ಹಾಳೆಯನ್ನು ಸಾಹೇಬರು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಮೂರನೇ ದಿನ ಅತ್ತೆಯ ಸರದಿ. ಅವರಿಗೆ ವಿಷಯವೆಲ್ಲ ಅಷ್ಟರಲ್ಲಿ ಗೊತ್ತಾಗಿತ್ತು, ಚಡಪಡಿಯ ಕಡೆ ತಿರುಗಿಯೂ ನೋಡಲಿಲ್ಲ. ಸಾಹೇಬರು ಎಲ್ಲರ ಮುಂದೆ ಚಡಪಡಿಯ ಚೀಟಿ ಬಿಚ್ಚಿ ಗಟ್ಟಿಯಾಗಿ ಓದಿದರು: “ಎರಡೂ ಕಡೆಯ ಸರದಿಯನ್ನು ಮಾತ್ರ ಹೋಲಿಸುವುದು. ಬಂದದ್ದೇ ಕೊನೆ.”

ಅತ್ತೆ ಮೊದಲ ಟವೆಲ್‌ಗೆ ಕೈ ಚಾಚಿದವರು ಹಾಗೇ ನಿಂತರು. “ಸರದಿ ಸಾಕಾ?”

“ಸಾಕಂತೆ,” ಎಂದರು ಸಾಹೇಬರು.

“ಮೆತ್ತಗಿರೋದರಿಂದ ಒರಟಿನವರೆಗೆ? ಅಷ್ಟೇನಾ?”

“ಅಷ್ಟೇ.”

“ಹಾಗಿದ್ರೆ ಈ ಐದು ದರ್ಜೆಯ ಗುಡ್ಡೆ ಯಾಕೆ ಬೇಕು? ಅದು ನಿಮ್ಮ ರಿಜಿಸ್ಟರಲ್ಲಿ ಐದು ಕಾಲಂ ಇರೋದಕ್ಕೆ ನಾನು ಮಾಡ್ತಿದ್ದದ್ದು.” ಎನ್ನುತ್ತಲೇ ಅತ್ತೆ ಪ್ಯಾಕಿಂಗಿನ ಉದ್ದ ಮೇಜಿನ ಮೇಲಿದ್ದ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸಿದರು. ಆಮೇಲೆ ಶುರು ಮಾಡಿದರು. ಒಂದು ಟವೆಲ್ ಮುಟ್ಟಿ ಇಟ್ಟರು, ಇನ್ನೊಂದು ಮುಟ್ಟಿ ಅದರ ಎಡಕ್ಕಿಟ್ಟರು, ಮೂರನೆಯದನ್ನು ಅವೆರಡರ ನಡುವೆ ಸೇರಿಸಿದರು. ಸಾಲು ಬೆಳೆಯಿತು. ಹೊಸದು ಬಂದಾಗ ಸಾಲಿನ ಉದ್ದಕ್ಕೂ ನಡೆದು, ಅಲ್ಲೊಂದು ಇಲ್ಲೊಂದು ಮುಟ್ಟಿ, ಜಾಗ ಸಿಕ್ಕಾಗ ಸುತ್ತಲಿನವನ್ನು ಸರಿಸಿ ಅದನ್ನು ಕೂರಿಸುವರು. ಒಂದು ಗಂಟೆಯೊಳಗೆ ನಲವತ್ತೂ ಟವೆಲ್ ಒಂದೇ ಸಾಲಿನಲ್ಲಿ ನಿಂತವು, ಒಂದರ ಪಕ್ಕ ಒಂದು, ಎಲ್ಲಕ್ಕೂ ಅದರದರದೇ ಜಾಗ.

ಚಡಪಡಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಅವಳು ರಿಜಿಸ್ಟರಿನಿಂದ ತೆಗೆದುಕೊಳ್ಳುತ್ತಿದ್ದದ್ದು ಐದು ಅಂಕಿ ಮಾತ್ರ. ಅತ್ತೆ ದಿನವೂ ಮೊದಲು ಮನಸ್ಸಿನಲ್ಲೇ ಹೀಗೆ ಸಾಲು ಹಾಕಿ, ಆಮೇಲೆ ಅದನ್ನು ಐದಾಗಿ ಕತ್ತರಿಸುತ್ತಾರೆ ಎಂದು ಅವಳಿಗೂ ಗೊತ್ತಿರಲಿಲ್ಲ, ನಮಗ್ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕೋಣೆಯಿಂದ ಆ ಮೇಜಿಗೆ ನಲವತ್ತು ಹೆಜ್ಜೆ.

ಮೇಸ್ತ್ರಿ ಕಪ್ಪು ಹಲಗೆ ತರಿಸಿಕೊಂಡ. ಕಂಪ್ಯೂಟರ್ ಬೇಡ, ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲೇ ಮಾಡುತ್ತೇನೆ ಎಂದ. ಅತ್ತೆಯ ಸಾಲಿನಲ್ಲಿ ಟವೆಲ್ ಎಷ್ಟನೆಯದು, ಯಂತ್ರದ ಸಾಲಿನಲ್ಲಿ ಎಷ್ಟನೆಯದು, ಎರಡರ ವ್ಯತ್ಯಾಸ ಎಷ್ಟು, ಅದನ್ನು ಅದರಿಂದಲೇ ಗುಣಿಸಿದರೆ ಎಷ್ಟು. ಹೀಗೆ ನಲವತ್ತು ಸಾಲು. ಚಡಪಡಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊರಗಿನ ಓಣಿಯಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದಳು. ಒಂದು ಸಲ ಬಾಗಿಲಲ್ಲಿ ತಲೆ ಹಾಕಿ, “ಹದಿನೇಳನೇ ಸಾಲಲ್ಲಿ ಆರಾರ್ಲಿ ಮೂವತ್ತಾರು, ಮೂವತ್ತೆರಡಲ್ಲ!” ಎಂದು ಕೂಗಿ ಮತ್ತೆ ಮಾಯವಾದಳು. ಆ ತಿದ್ದುಪಡಿಯಿಂದ ಅತ್ತೆಗೆ ನಷ್ಟವೇ ಹೊರತು ಲಾಭವಿರಲಿಲ್ಲ. ಮೇಸ್ತ್ರಿ ಒಂದು ಕ್ಷಣ ಬಾಗಿಲ ಕಡೆಯೇ ನೋಡಿ, ಅಳಿಸಿ, ಮೂವತ್ತಾರು ಬರೆದ.

“ಒಟ್ಟು ಸಾವಿರದ ನೂರ ಎಪ್ಪತ್ತೆರಡು,” ಎಂದ ಕೊನೆಗೆ. ಅದರಿಂದೇನು ಎಂದು ಯಾರಿಗೂ ತಿಳಿಯಲಿಲ್ಲ. ಆರರಿಂದ ಗುಣಿಸಿದ, ಯಾವುದೋ ದೊಡ್ಡ ಅಂಕಿಯಿಂದ ಭಾಗಿಸಿದ, ಒಂದರಿಂದ ಕಳೆದ. ನಾವೆಲ್ಲ ಹಲಗೆಯ ಹತ್ತಿರಕ್ಕೆ ಒತ್ತಿಕೊಂಡು ನಿಂತೆವು. ಅತ್ತೆ ಮಾತ್ರ ಕುರ್ಚಿಯಲ್ಲಿ ಕೈ ಮಡಚಿ ಕೂತಿದ್ದರು.

ಮೇಸ್ತ್ರಿ ಉತ್ತರ ಬರೆಯದೆ ಸೀಮೆಸುಣ್ಣ ಕೆಳಗಿಟ್ಟು ಓಣಿಗೆ ಹೋದ. “ಮೇಡಂ, ನೀವೇ ಬಂದು ಬರೀರಿ,” ಎಂದ. “ಸೊನ್ನೆ ಪಾಯಿಂಟ್ ಎಂಟು ಒಂಬತ್ತು.” ಅವನ ಬಗ್ಗೆ ನಾನು ಅಂದುಕೊಂಡದ್ದಕ್ಕೆಲ್ಲ ನನಗೆ ನಾಚಿಕೆಯಾಯಿತು.

ಸಾಹೇಬರು ಅಲ್ಲೇ ಸಹಿ ಹಾಕಿದರು. ಕೈಪರೀಕ್ಷೆಯ ಮೇಜು ಉಳಿಯಿತು. ಜನ ಚಪ್ಪಾಳೆ ತಟ್ಟಿ ತಮ್ಮತಮ್ಮ ಕೆಲಸಕ್ಕೆ ಹೊರಟರು. ಚಡಪಡಿ ಅಳುತ್ತಾ ನಗುತ್ತಾ ಅತ್ತೆಯ ಹತ್ತಿರ ಓಡಿದಳು.

ಅತ್ತೆ ನಗಲಿಲ್ಲ. “ನನ್ನ ಕೈ ಬಗ್ಗೆ ಯಂತ್ರಾನ ಕೇಳಿದೆ, ಕಂಪ್ಯೂಟರ್‌ನ ಕೇಳಿದೆ, ನಿನ್ನ ಮಗಳನ್ನ ಕೇಳಿದೆ, ಮೇಸ್ತ್ರೀನ ಕೇಳಿದೆ. ಹದಿನೆಂಟು ವರ್ಷದಲ್ಲಿ ಒಂದು ದಿನ ಇಲ್ಲಿಗೆ ಬಂದು, ಅತ್ತೆ ಇದನ್ನ ಹೇಗೆ ಮಾಡ್ತೀರಿ ಅಂತ ನನ್ನನ್ನ ಕೇಳೋಕೆ ನಿನಗೇನಾಗಿತ್ತು?”

ಅತ್ತೆ ಸಾಲಿನ ನಡುವಿನಿಂದ ಅಕ್ಕಪಕ್ಕದ ಎರಡು ಟವೆಲ್ ಎತ್ತಿ ಅವಳ ಎರಡು ಕೈಗೂ ಕೊಟ್ಟರು. “ಯಾವುದು ಮೆತ್ತಗಿದೆ? ಹೇಳು.”

ಅವಳು ಮುಟ್ಟಿದಳು, ಅದಲುಬದಲು ಮಾಡಿ ಮುಟ್ಟಿದಳು, ಕಣ್ಣು ಮುಚ್ಚಿ ಮುಟ್ಟಿದಳು. “ಗೊತ್ತಾಗ್ತಿಲ್ಲ ಅತ್ತೆ,” ಎಂದಳು ಸಣ್ಣ ದನಿಯಲ್ಲಿ.

“ಗೊತ್ತಾಗೋವರೆಗೂ ನಿಂತ್ಕೋ.”

ಪಾಳಿ ಮುಗಿದ ಗಂಟೆ ಹೊಡೆಯಿತು. ನಾನು ಅವಳ ಕುರ್ಚಿಯಿಂದ ಕೈಚೀಲ ತಂದು ಬಾಗಿಲಲ್ಲಿ ಕಾದೆ. ಅವಳು ಇನ್ನೂ ಅಲ್ಲೇ ಎರಡು ಟವೆಲ್ ಹಿಡಿದು, ಒಂದು ಹೆಜ್ಜೆಯೂ ಕದಲದೆ ನಿಂತಿದ್ದಳು.